ಓದುಗರ ಪ್ರಶ್ನೆ, ನಮ್ಮ ಉತ್ತರ: ಮಿಡ್ಲ್‌ವೇಟ್ ಬಾಕ್ಸಿಂಗಿನ ಮೊದಲಿಗ ಯಾರು?

ಜಗತ್ತು ಕಂಡ ಅತ್ಯುತ್ತಮ ಮಿಡ್ಲ್‌ವೇಟ್ ಬಾಕ್ಸರ್ ಯಾರೆಂದು ಮಂಜೇಶ್ವರದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಹ್ಯಾರಿ ಗ್ರೆಬ್ ಮೊದಲನೆಯವನು, ಮಾರ್ವಿನ್ ಹ್ಯಾಗ್ಲರ್ ಎರಡನೆಯವನು, ಕಾರ್ಲೋಸ್ ಮೊಂಜೋನ್ ಮೂರನೆಯವನು, ಶುಗರ್ ರೇ ರಾಬಿನ್ಸನ್ ನಾಲ್ಕನೆಯವನು ಎಂದಷ್ಟೇ ಬರೆದು, ಕಾರಣಗಳನ್ನು ಕೊಡದೆ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಅಡಿಕೆಯ ಧಾರಣೆ ಮತ್ತು ಕನ್ನಡ ಶಾಲೆಗಳ ಅಧ್ಯಾಪಕರ ನೇಮಕಾತಿಯ ಬಗೆಗೆ ಎಂದಿನಂತೆ ಬರುವ ಪತ್ರಗಳನ್ನು ಹಿಂದಿಕ್ಕುವಷ್ಟು ಪತ್ರಗಳು ಆ ಎರಡು ಸಾಲಿನ ಉತ್ತರಕ್ಕೆ ಬಂದಿವೆ. ಆದುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಚರ್ಚೆಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಐದು ಬಾರಿ ಮಿಡ್ಲ್‌ವೇಟ್ ವಿಶ್ವಪಟ್ಟ ಗೆದ್ದ ರಾಬಿನ್ಸನ್‌ನನ್ನು ನಾಲ್ಕನೆಯ ಸ್ಥಾನಕ್ಕೆ ಇಳಿಸಿದ್ದೀರಿ. ಇಡೀ ಜಗತ್ತು ಅವನನ್ನು ಸಾರ್ವಕಾಲಿಕ ಶ್ರೇಷ್ಠ ಬಾಕ್ಸರ್ ಎಂದು ಒಪ್ಪಿರುವಾಗ ತಮ್ಮದೊಂದು ಬೇರೆಯೇ ರಾಗವೇಕೆ? (ಬದಿಯಡ್ಕ)

ಉತ್ತರ: ರಾಬಿನ್ಸನ್ ಸರ್ವಶ್ರೇಷ್ಠ ಬಾಕ್ಸರ್ ಎಂಬ ಮಾತಿಗೆ ನನ್ನ ತಕರಾರಿಲ್ಲ, ಆ ಶ್ರೇಷ್ಠತೆಯನ್ನು ಅವನು ಯಾವ ತೂಕದಲ್ಲಿ ಸಂಪಾದಿಸಿದನೆಂಬುದಷ್ಟೇ ನನ್ನ ಪ್ರಶ್ನೆ. ಮಿಡ್ಲ್‌ವೇಟ್ ಎಂದರೆ 160 ಪೌಂಡ್, ಅಂದರೆ ಸುಮಾರು 72.5 ಕಿಲೋ ತೂಕದ ಮಿತಿ. ಅದಕ್ಕಿಂತ ಕೆಳಗಿನ ವೆಲ್ಟರ್‌ವೇಟ್‌ನ ಮಿತಿ 147 ಪೌಂಡ್. ರಾಬಿನ್ಸನ್ ತನ್ನ ಯೌವನವನ್ನೆಲ್ಲ ಕಳೆದದ್ದು ಈ ಎರಡನೆಯ ತೂಕದಲ್ಲಿ. 1946ರ ಕೊನೆಗೆ ವೆಲ್ಟರ್‌ವೇಟ್ ಪಟ್ಟ ಗೆದ್ದ ಅವನು, 1943ರ ಆರಂಭದ ಒಂದು ಸೋಲಿನ ಬಳಿಕ 91 ಪಂದ್ಯಗಳಲ್ಲಿ ಯಾರಿಗೂ ಸೋಲದೆ 1951ರ ಜುಲೈ ತನಕ ನಡೆದ. ಆ ಎಂಟು ವರ್ಷಗಳ ರಾಬಿನ್ಸನ್‌ಗೆ ಸಮಾನನಾದ ಬಾಕ್ಸರ್ ಅವನಿಗಿಂತ ಮೊದಲು ಬಂದಿಲ್ಲ, ಆಮೇಲೂ ಬಂದಿಲ್ಲ ಎಂದು ಯಾರಾದರೂ ಹೇಳಿದರೆ ನಾನೂ ದನಿಗೂಡಿಸುತ್ತೇನೆ.

ಮಿಡ್ಲ್‌ವೇಟ್ ಪಟ್ಟ ಅವನ ಕೈಸೇರಿದ್ದು 1951ರ ಫೆಬ್ರವರಿ 14ರಂದು, ಶಿಕಾಗೋದಲ್ಲಿ, ಜೇಕ್ ಲಮೋಟಾನನ್ನು 13ನೆಯ ಸುತ್ತಿನಲ್ಲಿ ನಿಂತಲ್ಲೇ ಹಣ್ಣುಮಾಡಿದಾಗ. ಅಷ್ಟರಲ್ಲಿ ಅವನು 120ಕ್ಕೂ ಹೆಚ್ಚು ಪಂದ್ಯಗಳನ್ನಾಡಿದ್ದ. ವಯಸ್ಸು ಮೂವತ್ತರ ಅಂಚಿನಲ್ಲಿತ್ತು. ಐದೇ ತಿಂಗಳಲ್ಲಿ ಲಂಡನ್ನಿನಲ್ಲಿ ರ್‍ಯಾಂಡಿ ಟರ್ಪಿನ್ ಆ ಪಟ್ಟವನ್ನು ಕಸಿದುಕೊಂಡ. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ನಡೆದ ಮರುಪಂದ್ಯದ 10ನೆಯ ಸುತ್ತಿನಲ್ಲಿ, ಕಣ್ಣಿನ ಮೇಲಿನ ಗಾಯದಿಂದ ರಕ್ತ ಧಾರೆಯಾಗಿ ಇಳಿಯುತ್ತಿದ್ದಾಗ, ರೆಫರಿ ಪಂದ್ಯ ನಿಲ್ಲಿಸಿಬಿಟ್ಟಾನೆಂಬ ಭಯದಲ್ಲೇ ಟರ್ಪಿನ್ ಮೇಲೆ ಮುಗಿಬಿದ್ದು ರಾಬಿನ್ಸನ್ ಅದನ್ನು ಮರಳಿ ಪಡೆದ. ಮುಂದೆ 1957ರ ಜನವರಿಯಲ್ಲಿ ಜೀನ್ ಫುಲ್ಮರ್‌ಗೆ, ಅದೇ ಸೆಪ್ಟೆಂಬರಿನಲ್ಲಿ ಕಾರ್ಮೆನ್ ಬಸಿಲಿಯೋಗೆ, 1960ರಲ್ಲಿ ಪಾಲ್ ಪೆಂಡರ್‌ಗೆ ಸೋತ. ಐದು ಬಾರಿ ಪಟ್ಟ ಗೆದ್ದನೆಂಬುದು ಕೇಳುವುದಕ್ಕೆ ಚೆನ್ನಾಗಿದೆ; ಆದರೆ ಐದು ಬಾರಿ ಗೆಲ್ಲಬೇಕಾದರೆ ನಡುನಡುವೆ ಅದು ಕೈತಪ್ಪಿರಲೇಬೇಕಲ್ಲ! ನಾಲ್ಕು ಬಾರಿ ರಿಂಗಿನಲ್ಲಿ ಕಳೆದುಕೊಂಡ, ಒಮ್ಮೆ 1952ರ ಕೊನೆಗೆ ನಿವೃತ್ತಿ ಘೋಷಿಸಿ ಬಿಟ್ಟುಕೊಟ್ಟ. ಸುಮಾರು ಏಳು ವರ್ಷ ಒಂದೇ ಸಮನೆ ಪಟ್ಟವನ್ನು ಬಿಡದೆ ಹಿಡಿದವರು ಇದೇ ತೂಕದಲ್ಲಿರುವಾಗ, ಬಂದುಹೋಗಿ ಮಾಡಿದವನನ್ನು ಅವರ ಮೇಲೆ ಕೂರಿಸುವುದು ನ್ಯಾಯವಲ್ಲವೆಂದು ನನ್ನ ವಾದ.

ಹಾಗಿದ್ದರೆ ಹತ್ತನೆಯ ಸ್ಥಾನಕ್ಕೇಕೆ ತಳ್ಳಲಿಲ್ಲ ಎಂದು ತಾವು ಕೇಳಬಹುದು. ಅವನು ಪಟ್ಟ ಕಳೆದುಕೊಂಡದ್ದು ಮೂವತ್ತು ದಾಟಿದ ಮೇಲೆ. ಮರಳಿ ಪಡೆದದ್ದು, ಬಸಿಲಿಯೋನನ್ನು ಬಿಟ್ಟರೆ, ತನಗಿಂತ ಸಹಜವಾಗಿಯೇ ದೊಡ್ಡ ದೇಹದವರಿಂದ. ಲಮೋಟಾನ ಜತೆಗಿನ ಆರು ಪಂದ್ಯಗಳಲ್ಲಿ ಐದನ್ನು ಗೆದ್ದ. ಸೋತ ಒಂದರಲ್ಲಿ, 1943ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನಲ್ಲಿ, ಎದುರಾಳಿ ಪೂರ್ಣಪ್ರಮಾಣದ ಮಿಡ್ಲ್‌ವೇಟ್ ಆಗಿದ್ದರೆ ಅವನಿನ್ನೂ ವೆಲ್ಟರ್‌ವೇಟ್ ಹುಡುಗ. ಇದನ್ನೆಲ್ಲ ಕೂಡಿಸಿಯೇ ನಾಲ್ಕನೆಯ ಸ್ಥಾನ.

ಪ್ರಶ್ನೆ: ಹ್ಯಾರಿ ಗ್ರೆಬ್ ಆಡಿದ ಒಂದು ಪಂದ್ಯದ ಚಿತ್ರೀಕರಣವೂ ಉಳಿದಿಲ್ಲವೆಂದು ಓದಿದ್ದೇನೆ. ಕಣ್ಣಾರೆ ನೋಡದ ಆಟಗಾರನನ್ನು ಮೊದಲ ಸ್ಥಾನದಲ್ಲಿ ಕೂರಿಸುವುದು ಕುರುಡು ಭಕ್ತಿಯಲ್ಲವೇ? (ಎಡನೀರು)

ಉತ್ತರ: ತಾವು ತಾಳಮದ್ದಳೆಗೆ ಹೆಸರಾದ ಎಡನೀರಿನಿಂದ ಬರೆದಿದ್ದೀರಿ, ಆದುದರಿಂದ ಮರುಪ್ರಶ್ನೆಯನ್ನು ತಾಳಮದ್ದಳೆಯಿಂದಲೇ ಎತ್ತುತ್ತೇನೆ. ಧ್ವನಿಮುದ್ರಣದ ಯಂತ್ರ ನಮ್ಮ ಕಡೆಗೆ ಬರುವುದಕ್ಕಿಂತ ಮೊದಲಿನ ಅರ್ಥಧಾರಿಗಳ ಹಿರಿಮೆಯನ್ನು ಕುಂಬಳೆ ಸೀಮೆಯಲ್ಲಿ ಯಾರೂ ಸಂಶಯಿಸುವುದಿಲ್ಲ. ಅವರ ಒಂದು ಮಾತನ್ನೂ ನಾವು ಕೇಳಿಲ್ಲ. ಅವರ ಎದುರು ಕುಳಿತು ಅರ್ಥ ಹೇಳಿದವರು ಯಾರು, ಆ ಎದುರಾಳಿಗಳು ಮುಂದೆ ಎಷ್ಟು ದೊಡ್ಡವರಾದರು, ಆ ರಾತ್ರಿಯ ಸಂವಾದದ ಬಗ್ಗೆ ಅವರೇ ಏನು ಹೇಳಿಕೊಂಡರು ಎಂಬುದರಿಂದ ನಾವು ಅಳೆಯುತ್ತೇವೆ. ಗ್ರೆಬ್‌ನನ್ನು ಅಳೆಯುವುದಕ್ಕೂ ಇದಕ್ಕಿಂತ ಉತ್ತಮವಾದ ಕೋಲು ಇಲ್ಲ. ಅವನ ತಾಲೀಮಿನ ಒಂದಿಷ್ಟು ತುಣುಕುಗಳನ್ನು ಬಿಟ್ಟರೆ ಪಂದ್ಯದ ಚಿತ್ರ ಇಲ್ಲವೆಂಬುದು ನಿಜ.

ಈಗ ಎದುರು ಕುಳಿತವರನ್ನು ನೋಡೋಣ. 1922ರ ಮೇ 23ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಗ್ರೆಬ್ ಎದುರಿಸಿದ್ದು ಜೀನ್ ಟನ್ನಿಯನ್ನು. ತನಗಿಂತ ಹತ್ತು ಪೌಂಡಿಗೂ ಹೆಚ್ಚು ಭಾರವಾಗಿದ್ದ ಟನ್ನಿಯ ಮೂಗನ್ನು ಮೊದಲ ಸುತ್ತಿನಲ್ಲೇ ಮುರಿದು, 15 ಸುತ್ತುಗಳ ಕಾಲ ಅವನನ್ನು ರಕ್ತದಲ್ಲಿ ಮೀಯಿಸಿ, ಅಮೆರಿಕದ ಲೈಟ್ ಹೆವಿವೇಟ್ (175 ಪೌಂಡ್ ಮಿತಿಯ) ಪಟ್ಟವನ್ನು ಗ್ರೆಬ್ ಗೆದ್ದುಕೊಂಡ. ಇದೇ ಟನ್ನಿ ನಾಲ್ಕು ವರ್ಷಗಳ ಬಳಿಕ ಜ್ಯಾಕ್ ಡೆಂಪ್ಸಿಯನ್ನು ಸೋಲಿಸಿ ಹೆವಿವೇಟ್ ವಿಶ್ವ ಚಾಂಪಿಯನ್ ಆದ. ಮರುವರ್ಷ ಇನ್ನೊಮ್ಮೆ ಸೋಲಿಸಿದ. ಟನ್ನಿಯ ಇಡೀ ವೃತ್ತಿಜೀವನದಲ್ಲಿ ಸೋಲೆಂಬುದು ಅದೊಂದೇ. ಹೆವಿವೇಟ್ ಚಾಂಪಿಯನ್ ಆದವನನ್ನು ಜೀವನದಲ್ಲಿ ಸೋಲಿಸಿದ ಏಕೈಕ ಮನುಷ್ಯ ಒಬ್ಬ ಮಿಡ್ಲ್‌ವೇಟ್ ಆಗಿದ್ದನೆಂಬ ಒಂದೇ ಸಂಗತಿಯನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟರೆ, ಇನ್ನೊಂದು ತಟ್ಟೆಗೆ ಸರಿತೂಗುವಂಥದ್ದನ್ನು ಹುಡುಕಿ ತರುವುದು ಕಷ್ಟ. ನಂತರದ ನಾಲ್ಕು ಭೇಟಿಗಳಲ್ಲಿ ಟನ್ನಿ ಅವನನ್ನು ಅರಿತುಕೊಂಡು ಮೇಲುಗೈ ಪಡೆದನೆಂಬುದನ್ನೂ ಹೇಳಬೇಕು. 1926ರ ಅಕ್ಟೋಬರಿನಲ್ಲಿ ಗ್ರೆಬ್ ಶಸ್ತ್ರಚಿಕಿತ್ಸೆಯ ಬಳಿಕ 32ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಆಗಷ್ಟೇ ಹೆವಿವೇಟ್ ಪಟ್ಟವೇರಿದ್ದ ಟನ್ನಿ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟ.

1923ರ ಜನವರಿಯಲ್ಲಿ ಗ್ರೆಬ್ ಟಾಮಿ ಲಾಫ್ರನ್‌ನನ್ನು ಸೋಲಿಸಿದ. ಲಾಫ್ರನ್ ಮುಂದೆ ಲೈಟ್ ಹೆವಿವೇಟ್ ವಿಶ್ವ ಚಾಂಪಿಯನ್ ಆದ. ಅದೇ ವರ್ಷದ ಆಗಸ್ಟಿನಲ್ಲಿ ಜಾನಿ ವಿಲ್ಸನ್‌ನಿಂದ ಮಿಡ್ಲ್‌ವೇಟ್ ವಿಶ್ವಪಟ್ಟ ಕಿತ್ತುಕೊಂಡು, 1925ರಲ್ಲಿ ವೆಲ್ಟರ್‌ವೇಟ್ ಚಾಂಪಿಯನ್ ಮಿಕ್ಕಿ ವಾಕರ್‌ನ ಸವಾಲನ್ನು ಹಿಮ್ಮೆಟ್ಟಿಸಿದ. ಹದಿಮೂರು ವರ್ಷಗಳಲ್ಲಿ ಸುಮಾರು 300 ಪಂದ್ಯಗಳು; 1919ರ ಒಂದೇ ವರ್ಷದಲ್ಲಿ 45. ಆ ಕಾಲದಲ್ಲಿ ಅಮೆರಿಕದ ಹಲವು ರಾಜ್ಯಗಳ ಕಾನೂನು ತೀರ್ಪು ಕೊಡುವುದನ್ನೇ ನಿಷೇಧಿಸಿತ್ತು, ಆದುದರಿಂದ ಗೆದ್ದವರಾರೆಂದು ಮರುದಿನ ಪತ್ರಿಕೆಯ ವರದಿಗಾರರು ಬರೆದದ್ದೇ ಅಂತಿಮ. ವರದಿಗಾರರ ಕಿಸೆಯ ಬಗ್ಗೆ ತಮಗೆ ಸಂಶಯವಿದ್ದರೆ ಅಂಥ ಪಂದ್ಯಗಳನ್ನೆಲ್ಲ ತೆಗೆದುಹಾಕಿ. ಮೇಲೆ ಹೇಳಿದ ನಾಲ್ಕೂ ಗೆಲುವುಗಳು ಅಧಿಕೃತ ತೀರ್ಪಿನವು.

ಇನ್ನೂ ಒಂದು ಮಾತಿದೆ. 1921ರಲ್ಲಿ ಕಪ್ಪು ಬಾಕ್ಸರ್ ಕಿಡ್ ನಾರ್ಫೋಕ್‌ನೊಂದಿಗೆ ಪಿಟ್ಸ್‌ಬರ್ಗ್‌ನಲ್ಲಿ ಕಾದಾಡಿದಾಗ ಗ್ರೆಬ್‌ನ ಬಲಗಣ್ಣಿಗೆ ಏಟು ಬಿದ್ದು, ಕ್ರಮೇಣ ಆ ಕಣ್ಣಿನ ದೃಷ್ಟಿಯೇ ಹೋಯಿತು. ಟನ್ನಿಯ ಮೇಲಿನ ಗೆಲುವು ಈ ಪೆಟ್ಟಿನ ನಂತರದ್ದು. ಡೆಂಪ್ಸಿಯಂಥವನೇ ಕಪ್ಪು ಸವಾಲುಗಾರ ಹ್ಯಾರಿ ವಿಲ್ಸ್‌ಗೆ ಕೊನೆಯವರೆಗೂ ಅವಕಾಶ ಕೊಡದೆ ಉಳಿದ ಕಾಲದಲ್ಲಿ, ಗ್ರೆಬ್ ತನ್ನ ಪಟ್ಟವನ್ನು ಟೈಗರ್ ಫ್ಲವರ್ಸ್‌ನ ಎದುರು ಪಣಕ್ಕಿಟ್ಟು 1926ರ ಫೆಬ್ರವರಿಯಲ್ಲಿ ಸೋತ. ಫ್ಲವರ್ಸ್ ಹೀಗೆ ಮೊದಲ ಆಫ್ರಿಕನ್ ಅಮೆರಿಕನ್ ಮಿಡ್ಲ್‌ವೇಟ್ ಚಾಂಪಿಯನ್ ಆದ. ಗ್ರೆಬ್ ಸಭ್ಯನೇನಲ್ಲ. ಹೆಬ್ಬೆರಳಿನಿಂದ ಕಣ್ಣಿಗೆ ತಿವಿಯುವುದು, ತಲೆಯಿಂದ ಗುದ್ದುವುದು, ಗ್ಲೌಸಿನ ದಾರದಿಂದ ಮುಖ ಉಜ್ಜುವುದು ಎಲ್ಲವೂ ಅವನ ವಿದ್ಯೆಯೊಳಗೆ ಸೇರಿತ್ತು. ಆದರೆ ಯಾರಿಗೂ ಹೆದರಿ ಬದಿಗೆ ಸರಿಯುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ.

ಪ್ರಶ್ನೆ: 1980ರ ದಶಕದಲ್ಲಿ ನನ್ನ ಅಣ್ಣ ಗಲ್ಫಿನಿಂದ ರಜೆಗೆ ಬರುವಾಗ ವಿಸಿಆರ್ ಜತೆಗೆ ಹ್ಯಾಗ್ಲರ್–ಹರ್ನ್ಸ್ ಪಂದ್ಯದ ಕ್ಯಾಸೆಟ್ ತಂದಿದ್ದ. ನೆರೆಕರೆಯವರೆಲ್ಲ ನಮ್ಮ ಚಾವಡಿಯಲ್ಲಿ ಕುಳಿತು ಟೇಪು ಸವೆಯುವಷ್ಟು ಸಲ ನೋಡಿದ್ದೇವೆ. ಅಂಥ ಹ್ಯಾಗ್ಲರ್ 1987ರಲ್ಲಿ ಲೆನರ್ಡ್‌ಗೆ ಸೋತದ್ದು ಅನ್ಯಾಯದ ತೀರ್ಪೆಂದು ಅಣ್ಣ ಇಂದಿಗೂ ಹೇಳುತ್ತಾನೆ. ತಮ್ಮ ಅಭಿಪ್ರಾಯವೇನು? (ಉಪ್ಪಳ)

ಉತ್ತರ: ಮೊದಲು ತಮ್ಮ ಕ್ಯಾಸೆಟ್ಟಿನ ಪಂದ್ಯದ ಕುರಿತು. 1985ರ ಏಪ್ರಿಲ್ 15ರಂದು ಲಾಸ್ ವೇಗಸ್‌ನಲ್ಲಿ ನಡೆದ ಆ ಹೋರಾಟ ಒಟ್ಟು ಎಂಟು ನಿಮಿಷವಷ್ಟೇ. ಸಾಮಾನ್ಯವಾಗಿ ಮೊದಲ ಸುತ್ತನ್ನು ಪರಸ್ಪರರನ್ನು ಅಳೆದು ನೋಡುವುದಕ್ಕೆ ಇಡುತ್ತಾರೆ. ಇವರಿಬ್ಬರೂ ಗಂಟೆ ಬಾರಿಸಿದ ಕ್ಷಣದಿಂದಲೇ ಪಂದ್ಯದ ಕೊನೆಯ ನಿಮಿಷವೆಂಬಂತೆ ಬಡಿದಾಡಿದರು. ಟಾಮಿ ಹರ್ನ್ಸ್‌ನ ಬಲಗೈ ಏಟಿಗೆ ಹ್ಯಾಗ್ಲರ್ ಒಮ್ಮೆ ತತ್ತರಿಸಿದ್ದನ್ನೂ, ಅವನ ಹಣೆ ಒಡೆದದ್ದನ್ನೂ ತಾವು ನೋಡಿರುತ್ತೀರಿ. ಅದೇ ಸುತ್ತಿನಲ್ಲಿ ಹರ್ನ್ಸ್‌ನ ಬಲಗೈ ಮೂಳೆ ಹ್ಯಾಗ್ಲರ್‌ನ ತಲೆಗೆ ಬಡಿದು ಮುರಿದದ್ದು ಮಾತ್ರ ಪರದೆಯ ಮೇಲೆ ಕಾಣುವುದಿಲ್ಲ. ಎರಡನೆಯ ಸುತ್ತಿನಲ್ಲಿ ಹರ್ನ್ಸ್‌ನ ಕಾಲುಗಳು ಸೋತವು. ಮೂರನೆಯ ಸುತ್ತಿನಲ್ಲಿ ರೆಫರಿ ರಿಚರ್ಡ್ ಸ್ಟೀಲ್ ಪಂದ್ಯ ನಿಲ್ಲಿಸಿ ವೈದ್ಯರಿಗೆ ಗಾಯ ತೋರಿಸಿದ. ಗಾಯಕ್ಕಾಗಿ ಪಂದ್ಯ ಕೈತಪ್ಪಬಹುದೆಂದು ಅರಿತ ಹ್ಯಾಗ್ಲರ್ ಮುನ್ನುಗ್ಗಿ, ಹಿಂದೆ ಸರಿಯುತ್ತಿದ್ದ ಹರ್ನ್ಸ್‌ನನ್ನು ಅಟ್ಟಿಸಿಕೊಂಡು ಹೋಗಿ ಬಲಗೈಯಿಂದ ಕೆಡವಿದ. ಹರ್ನ್ಸ್ ಎಣಿಕೆಯೊಳಗೆ ಎದ್ದನಾದರೂ ಅವನ ಕಣ್ಣು ನೋಡಿದ ರೆಫರಿ ಅವನನ್ನು ತಬ್ಬಿ ಹಿಡಿದು ಪಂದ್ಯ ಮುಗಿಸಿದ. ಎಡಗೈ ನಿಲುವಿನ, ಅಂದರೆ ಬಲಗೈ ಮುಂದಿಟ್ಟು ಎಡಗೈಯನ್ನು ಹಿಂದಿಟ್ಟು ನಿಲ್ಲುವ ಹ್ಯಾಗ್ಲರ್ ಗೆದ್ದದ್ದು ಬಲಗೈಯಿಂದ ಎಂಬುದನ್ನು ಗಮನಿಸಿ. ಎರಡೂ ನಿಲುವುಗಳಲ್ಲಿ ಸಲೀಸಾಗಿ ಹೊಡೆದಾಡಬಲ್ಲ ಚಾಂಪಿಯನ್‌ಗಳು ಬಹಳ ವಿರಳ.

ಇನ್ನು 1987ರ ಏಪ್ರಿಲ್ 6ರ ಪಂದ್ಯ. ಶುಗರ್ ರೇ ಲೆನರ್ಡ್ ಆಗ ಸುಮಾರು ಮೂರು ವರ್ಷ ರಿಂಗಿಗೆ ಇಳಿದಿರಲಿಲ್ಲ. ಕಣ್ಣಿನ ಅಕ್ಷಿಪಟಲದ ಶಸ್ತ್ರಚಿಕಿತ್ಸೆಯ ಬಳಿಕ ಐದು ವರ್ಷಗಳಲ್ಲಿ ಆಡಿದ್ದು ಒಂದೇ ಪಂದ್ಯ. ಒಪ್ಪಂದದ ಮೇಜಿನ ಮುಂದೆ ಅವನು ಅರ್ಧ ಗೆದ್ದಿದ್ದ: 15ರ ಬದಲು 12 ಸುತ್ತು, ಓಡಾಡಲು ದೊಡ್ಡ ರಿಂಗ್, ಏಟಿನ ಬಿರುಸು ತಗ್ಗಿಸುವ ದಪ್ಪ ಗ್ಲೌಸ್. ಹೆಚ್ಚಿನ ಹಣಕ್ಕಾಗಿ ಹ್ಯಾಗ್ಲರ್ ಇವನ್ನೆಲ್ಲ ಬಿಟ್ಟುಕೊಟ್ಟ. ಉಳಿದರ್ಧವನ್ನು ಹ್ಯಾಗ್ಲರ್ ತಾನಾಗಿಯೇ ಕೈಯಾರೆ ಕೊಟ್ಟ. ತನ್ನ ಸಹಜವಾದ ಎಡಗೈ ನಿಲುವನ್ನು ಬಿಟ್ಟು ಆರಂಭದ ಸುತ್ತುಗಳನ್ನು ಬಲಗೈ ನಿಲುವಿನಲ್ಲಿ ಆಡಿ, ಅವುಗಳನ್ನು ಪುಕ್ಕಟೆಯಾಗಿ ದಾನಮಾಡಿದ್ದಕ್ಕೆ ನನಗೆ ಇಂದಿಗೂ ಸಮಾಧಾನಕರವಾದ ಕಾರಣ ಕಂಡಿಲ್ಲ. ಪ್ರತಿ ಸುತ್ತಿನ ಕೊನೆಯ ಅರ್ಧ ನಿಮಿಷದಲ್ಲಿ ಲೆನರ್ಡ್ ಪಟಪಟನೆ ಏಟುಗಳ ಸುರಿಮಳೆಗರೆದು ತೀರ್ಪುಗಾರರ ಕಣ್ಣು ಸೆಳೆದ. ಸುತ್ತು ಗೆದ್ದವನಿಗೆ 10, ಸೋತವನಿಗೆ 9 ಅಂಕದ ಲೆಕ್ಕದಲ್ಲಿ ಒಬ್ಬ ತೀರ್ಪುಗಾರ 115–113ರಂತೆ ಹ್ಯಾಗ್ಲರ್‌ಗೆ, ಇನ್ನೊಬ್ಬ 115–113ರಂತೆ ಲೆನರ್ಡ್‌ಗೆ, ಮೂರನೆಯವ 118–110ರಂತೆ ಲೆನರ್ಡ್‌ಗೆ ಅಂಕ ಕೊಟ್ಟರು.

ತಮ್ಮ ಅಣ್ಣನವರಿಗೆ ಬೇಸರವಾದರೂ ಹೇಳುತ್ತೇನೆ: ಲೆನರ್ಡ್ ಎರಡು ಸುತ್ತಿನ ಅಂತರದಲ್ಲಿ ಗೆದ್ದನೆಂದೇ ನನ್ನ ಲೆಕ್ಕ. ಅನ್ಯಾಯವೇನಾದರೂ ಇದ್ದರೆ ಅದು ಮೂರನೆಯ ಕಾಗದದ 118–110ರಲ್ಲಿದೆ. ಹ್ಯಾಗ್ಲರ್ ಎರಡೇ ಸುತ್ತು ಗೆದ್ದನೆಂದು ಹೇಳುವುದಕ್ಕೆ ಕಣ್ಣು ಮುಚ್ಚಿ ಕುಳಿತಿರಬೇಕು. ಆದರೆ ಹ್ಯಾಗ್ಲರ್‌ನ ಎರಡನೆಯ ಸ್ಥಾನ ಆ ರಾತ್ರಿಯ ಮೇಲೆ ನಿಂತಿಲ್ಲ. 1979ರಲ್ಲಿ ವಿಟೋ ಆಂಟುಫೆರ್ಮೋ ಎದುರು ಗೆಲ್ಲಬೇಕಿದ್ದ ಪಂದ್ಯ ಡ್ರಾ ಎಂದು ತೀರ್ಮಾನವಾದಾಗ ಬರಿಗೈಯಲ್ಲಿ ಹಿಂದಿರುಗಿದ. 1980ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಅಲನ್ ಮಿಂಟರ್‌ನನ್ನು ಮೂರೇ ಸುತ್ತಿನಲ್ಲಿ ಮುಗಿಸಿ ಪಟ್ಟ ಗೆದ್ದಾಗ, ಪ್ರೇಕ್ಷಕರು ಎಸೆದ ಬಾಟಲಿಗಳ ನಡುವೆ ತಲೆತಗ್ಗಿಸಿ ಓಡಬೇಕಾಯಿತು. ಆನಂತರ 12 ಬಾರಿ ಪಟ್ಟ ಉಳಿಸಿಕೊಂಡ. 67 ಪಂದ್ಯಗಳಲ್ಲಿ 62 ಗೆಲುವು, ಅವುಗಳಲ್ಲಿ 52 ನಾಕೌಟ್. ಇಷ್ಟೂ ಅವನು ಮಾಡಿದ್ದು ಒಂದೇ ತೂಕದಲ್ಲಿ. ಮೇಲಿನ ತೂಕಕ್ಕೂ ಹೋಗಲಿಲ್ಲ, ಕೆಳಗಿನದರಿಂದಲೂ ಬಂದವನಲ್ಲ.

ಪ್ರಶ್ನೆ: ಹೆಂಡತಿಯನ್ನು ಕೊಂದ ಮೊಂಜೋನ್‌ಗೆ ಮೂರನೆಯ ಸ್ಥಾನ ಕೊಟ್ಟಿದ್ದೀರಿ. ಅಂಥವನ ಹೆಸರನ್ನು ಪಟ್ಟಿಯಲ್ಲಿ ಸೇರಿಸುವುದೇ ತಪ್ಪಲ್ಲವೇ? (ಕಾಸರಗೋಡು)

ಉತ್ತರ: 1988ರ ಫೆಬ್ರವರಿಯಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾತಾ ಎಂಬ ಸಮುದ್ರತೀರದ ಊರಿನಲ್ಲಿ, ತನ್ನಿಂದ ದೂರವಾಗಿದ್ದ ಸಂಗಾತಿ, ತನ್ನ ಮಗನ ತಾಯಿ ಅಲಿಸಿಯಾ ಮುನೀಸ್ ಅವರನ್ನು ಮೊಂಜೋನ್ ಕೊಂದ. ಮರುವರ್ಷ ನ್ಯಾಯಾಲಯ ಅವನಿಗೆ 11 ವರ್ಷಗಳ ಸೆರೆವಾಸ ವಿಧಿಸಿತು. 1995ರ ಜನವರಿಯಲ್ಲಿ ತಾತ್ಕಾಲಿಕ ಬಿಡುವಿನ ಮೇಲೆ ಹೊರಬಂದಿದ್ದ ಅವನು ಜೈಲಿಗೆ ಮರಳುವ ದಾರಿಯಲ್ಲಿ ಕಾರು ಅಪಘಾತದಲ್ಲಿ ಸತ್ತ. ಮೊಂಜೋನ್‌ನ ಬಗ್ಗೆ ಬರೆಯುವ ಹಲವರು ಈ ಹೆಣ್ಣುಮಗಳ ಹೆಸರನ್ನೂ ಹೇಳದೆ, ದುರಂತ ಅಂತ್ಯ ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುತ್ತಾರೆ. ಯಾರ ದುರಂತವೆಂದು ಕೇಳಬೇಕಾದ್ದೇ. ತಮ್ಮ ಸಿಟ್ಟು ಸರಿಯಾದದ್ದು.

ಆದರೂ ಪಟ್ಟಿಯಿಂದ ಅವನನ್ನು ತೆಗೆಯಲಾರೆ, ಏಕೆಂದರೆ ನಾನು ಮಾಡಿದ್ದು ರಿಂಗಿನೊಳಗೆ ನಡೆದದ್ದರ ಲೆಕ್ಕವೇ ಹೊರತು ಒಳ್ಳೆಯವರ ಪಟ್ಟಿಯಲ್ಲ. 1970ರ ನವೆಂಬರ್ 7ರಂದು ರೋಮ್ ನಗರದಲ್ಲಿ, ಇಟಲಿಯ ಕಣ್ಮಣಿ ನೀನೋ ಬೆನ್ವೆನೂತಿಯನ್ನು ಅವನದೇ ಜನರ ಎದುರು 12ನೆಯ ಸುತ್ತಿನ ಒಂದು ಬಲಗೈ ಏಟಿನಿಂದ ಮಲಗಿಸಿದ ಈ ಹೆಸರಿಲ್ಲದ ಸವಾಲುಗಾರ, 1977ರಲ್ಲಿ ತಾನಾಗಿ ನಿವೃತ್ತನಾಗುವ ತನಕ 14 ಬಾರಿ ಪಟ್ಟ ಉಳಿಸಿಕೊಂಡ. 1964ರ ಬಳಿಕ ಒಮ್ಮೆಯೂ ಸೋಲಲಿಲ್ಲ. ಎಮಿಲ್ ಗ್ರಿಫಿತ್, ಹೊಸೆ ನಾಪೊಲೆಸ್ ಇವನಿಗೆ ಸೋತದ್ದು ನಿಜವಾದರೂ ಇಬ್ಬರೂ ಕೆಳಗಿನ ತೂಕದಿಂದ ಬಂದವರು, ಪ್ರಾಯ ಸಂದವರು. ಹ್ಯಾಗ್ಲರ್‌ಗಿಂತ ಒಂದು ಮೆಟ್ಟಿಲು ಕೆಳಗೆ ಇರಿಸಿದ್ದು ಈ ಕಾರಣಕ್ಕೆ. ಕೊನೆಯಲ್ಲಿ ಎರಡು ಬಾರಿ ಸೋಲಿಸಿದ ರೊಡ್ರಿಗೋ ವಾಲ್ಡೆಸ್ ಮಾತ್ರ ಅಪ್ಪಟ ಮಿಡ್ಲ್‌ವೇಟ್. ಉದ್ದ ತೋಳು, ನೆಟ್ಟಗಿನ ನಿಲುವು, ಅವಸರವೇ ಇಲ್ಲದ ನಡೆ. ನೋಡಲು ಸೊಗಸಿಲ್ಲ, ಎದುರಿಸಲು ದಾರಿಯಿಲ್ಲ.

ಪ್ರಶ್ನೆ: ಪಟ್ಟ ಉಳಿಸಿಕೊಂಡ ಲೆಕ್ಕವೇ ಮುಖ್ಯವಾದರೆ ಸತತವಾಗಿ ತಲಾ 20 ಬಾರಿ ಉಳಿಸಿಕೊಂಡ ಬರ್ನಾರ್ಡ್ ಹಾಪ್ಕಿನ್ಸ್ ಮತ್ತು ಗೆನ್ನಡಿ ಗೊಲೊವ್ಕಿನ್ ಎಲ್ಲಿ ಹೋದರು? (ಮುಳ್ಳೇರಿಯ)

ಉತ್ತರ: ನನ್ನ ಪಟ್ಟಿಯಲ್ಲಿ ಕ್ರಮವಾಗಿ ಐದನೆಯ ಮತ್ತು ಎಂಟನೆಯ ಸ್ಥಾನದಲ್ಲಿದ್ದಾರೆ. ಲೆಕ್ಕ ಮುಖ್ಯ, ಆದರೆ ಯಾರ ಎದುರು ಉಳಿಸಿಕೊಂಡರೆಂಬುದು ಅದಕ್ಕಿಂತ ಮುಖ್ಯ. ಈಗ ಒಂದೊಂದು ತೂಕಕ್ಕೆ ನಾಲ್ಕು ಸಂಸ್ಥೆಗಳು ನಾಲ್ಕು ಪಟ್ಟಗಳನ್ನು ಹಂಚುತ್ತಿರುವುದರಿಂದ 20 ಎಂಬ ಸಂಖ್ಯೆಗೆ ಹಿಂದಿನ ಬೆಲೆಯಿಲ್ಲ. 1995ರಲ್ಲಿ ಒಂದು ಪಟ್ಟ ಗೆದ್ದ ಹಾಪ್ಕಿನ್ಸ್‌ನ ಬಹುಪಾಲು ಸವಾಲುಗಾರರ ಹೆಸರು ಇಂದು ಯಾರಿಗೂ ನೆನಪಿಲ್ಲ. ಆದರೆ 2001ರ ಸೆಪ್ಟೆಂಬರಿನಲ್ಲಿ, 40 ಪಂದ್ಯಗಳಲ್ಲಿ ಒಮ್ಮೆಯೂ ಸೋತಿರದ ಫೆಲಿಕ್ಸ್ ಟ್ರಿನಿಡಾಡ್‌ನನ್ನು 36ರ ಹರೆಯದಲ್ಲಿ ಅವನು ಕಟ್ಟಿಹಾಕಿ, 12ನೆಯ ಸುತ್ತಿನಲ್ಲಿ ಕೆಡವಿದ ಪಂದ್ಯವಿದೆಯಲ್ಲ, ಅದು ಬಾಕ್ಸಿಂಗ್ ಕಲಿಯುವವರಿಗೆಲ್ಲ ಪಾಠ. ಹದಿಹರೆಯದಲ್ಲಿ ದರೋಡೆಗಾಗಿ ಜೈಲು ಸೇರಿ, ಅಲ್ಲಿಯೇ ಬಾಕ್ಸಿಂಗಿನಲ್ಲಿ ಪಳಗಿ ಬಂದ ಮನುಷ್ಯ ಅವನು. ಐದನೆಯ ಸ್ಥಾನ ಅವನಿಗೆ ಧಾರಾಳವಾಗಿ ಸಲ್ಲುತ್ತದೆ.

ಗೊಲೊವ್ಕಿನ್ ನತದೃಷ್ಟ. ಸತತ 23 ನಾಕೌಟ್‌ಗಳ ಕಾಲದಲ್ಲಿ ದೊಡ್ಡ ಹೆಸರಿನವರು ಅವನ ಎದುರು ಬರಲಿಲ್ಲ. ಕನೇಲೋ ಅಲ್ವಾರೆಜ್ ಬರುವಾಗ ಇವನಿಗೆ 35 ತುಂಬಿತ್ತು. 2017ರ ಆ ಮೊದಲ ಪಂದ್ಯವನ್ನು ಗೊಲೊವ್ಕಿನ್ ಗೆದ್ದನೆಂದು ಹೆಚ್ಚಿನವರ ಎಣಿಕೆ, ನನ್ನದೂ. ಒಬ್ಬ ತೀರ್ಪುಗಾರ್ತಿ 118–110ರಂತೆ ಅಲ್ವಾರೆಜ್‌ಗೆ ಕೊಟ್ಟದ್ದರಿಂದ ಅದು ಡ್ರಾ ಆಯಿತು. ಉಪ್ಪಳದ ಓದುಗರ ಅಣ್ಣನವರಿಗೆ ಈ ಅಂಕಿಯ ಗುರುತು ಸಿಗಬಹುದು. ಇನ್ನೂ ವಿಚಿತ್ರವೆಂದರೆ, 1987ರಲ್ಲಿ ಲೆನರ್ಡ್‌ಗೆ 115–113 ಕೊಟ್ಟ ಡೇವ್ ಮೊರೆಟಿ ಎಂಬ ತೀರ್ಪುಗಾರನೇ ಮೂವತ್ತು ವರ್ಷಗಳ ಬಳಿಕ ಈ ಪಂದ್ಯದಲ್ಲಿಯೂ ಕುಳಿತು ಗೊಲೊವ್ಕಿನ್‌ಗೆ 115–113 ಕೊಟ್ಟ. ಎರಡೂ ಸಲ ಅವನ ಲೆಕ್ಕ ನನ್ನ ಲೆಕ್ಕಕ್ಕೆ ತಾಳೆಯಾಗುತ್ತದೆ.

ಪ್ರಶ್ನೆ: ಇಂದಿನ ವ್ಯಾಯಾಮ, ಆಹಾರ, ವಿಜ್ಞಾನ ಎಲ್ಲ ಮುಂದುವರಿದಿರುವಾಗ ಹಳಬರು ಈಗಿನವರ ಎದುರು ಒಂದು ಸುತ್ತಾದರೂ ನಿಲ್ಲುತ್ತಿದ್ದರೇ? (ಪೆರ್ಲ)

ಉತ್ತರ: ಹಿಂದೆ ಪಂದ್ಯದ ದಿನವೇ ತೂಕ ನೋಡುತ್ತಿದ್ದರು, ಈಗ ಹಿಂದಿನ ದಿನ ನೋಡುತ್ತಾರೆ. ಆದುದರಿಂದ ಇಂದಿನ ಮಿಡ್ಲ್‌ವೇಟ್ ನೀರು ಬಿಟ್ಟು ಮೈ ಒಣಗಿಸಿ 160 ಪೌಂಡ್ ತೂಗಿ, ಮರುದಿನ ರಿಂಗಿಗೆ ಇಳಿಯುವಾಗ ಎಷ್ಟೋ ಪೌಂಡ್ ಹೆಚ್ಚಾಗಿರುತ್ತಾನೆ. ಹಳಬರು 15 ಸುತ್ತು ಆಡಬೇಕಿತ್ತು. 1982ರಲ್ಲಿ ಕೊರಿಯಾದ ಡುಕ್ ಕೂ ಕಿಮ್ ಪಂದ್ಯದಲ್ಲಾದ ಏಟುಗಳಿಂದ ಮೃತಪಟ್ಟ ಮೇಲೆ ಅದು 12ಕ್ಕೆ ಇಳಿಯುತ್ತ ಬಂತು. ಯಾವ ನಿಯಮದಲ್ಲಿ ಆಡಿಸುತ್ತೀರೆಂದು ಮೊದಲು ಹೇಳಿ, ಆಮೇಲೆ ಪಂಥ ಕಟ್ಟೋಣ. ಇನ್ನೊಂದು ಸಂಗತಿ: 1962ರ ತನಕ 147ಕ್ಕೂ 160ಕ್ಕೂ ನಡುವೆ, 1984ರ ತನಕ 160ಕ್ಕೂ 175ಕ್ಕೂ ನಡುವೆ ಬೇರೆ ವಿಭಾಗವೇ ಇರಲಿಲ್ಲ. ಇಂದು ಮೂರು ವಿಭಾಗಗಳಲ್ಲಿ ಹಂಚಿಹೋಗುವವರೆಲ್ಲ ಅಂದು ಒಂದೇ ಪಟ್ಟಕ್ಕೆ ಮುಗಿಬೀಳುತ್ತಿದ್ದರು.

ಪ್ರಶ್ನೆ: ಪಟ್ಟ ಗೆಲ್ಲದಿದ್ದರೂ ಗೆದ್ದವರಿಗಿಂತ ದೊಡ್ಡವನೆನಿಸಿದ ಮಿಡ್ಲ್‌ವೇಟ್ ಯಾರಾದರೂ ಇದ್ದಾರೆಯೇ? (ಪೈವಳಿಕೆ)

ಉತ್ತರ: ಚಾರ್ಲಿ ಬರ್ಲಿ. ಗ್ರೆಬ್‌ನ ಊರಾದ ಪಿಟ್ಸ್‌ಬರ್ಗ್‌ನವನೇ. 1940ರ ದಶಕದಲ್ಲಿ ಪ್ರತಿಭಾವಂತ ಕಪ್ಪು ಬಾಕ್ಸರ್‌ಗಳ ಒಂದು ಗುಂಪಿಗೆ ವಿಶ್ವಪಟ್ಟದ ಪಂದ್ಯವೇ ಸಿಗದೆ, ಅವರು ತಮ್ಮತಮ್ಮೊಳಗೇ ಮತ್ತೆ ಮತ್ತೆ ಬಡಿದಾಡಿಕೊಂಡು ಹೊಟ್ಟೆ ಹೊರೆಯಬೇಕಾಗಿತ್ತು. ಬರ್ಲಿ ಅವರಲ್ಲಿ ಅಗ್ರಗಣ್ಯ. ಮುಂದೆ ಹತ್ತು ವರ್ಷ ಲೈಟ್ ಹೆವಿವೇಟ್ ರಾಜನಾಗಿ ಮೆರೆದ ಆರ್ಚಿ ಮೂರ್‌ನನ್ನು 1944ರಲ್ಲಿ ಸೋಲಿಸಿದ. ರಾಬಿನ್ಸನ್ ಕೂಡ ಅವನೊಂದಿಗೆ ಕೊನೆಗೂ ಆಡಲಿಲ್ಲ. 1950ರಲ್ಲಿ ಗ್ಲೌಸ್ ಕಳಚಿಟ್ಟ ಬರ್ಲಿ ಪಿಟ್ಸ್‌ಬರ್ಗ್ ನಗರದ ಕಸ ಸಾಗಿಸುವ ಕೆಲಸಕ್ಕೆ ಸೇರಿದ. ಅವನಿಗೆ ನನ್ನ ಪಟ್ಟಿಯಲ್ಲಿ ಆರನೆಯ ಸ್ಥಾನವಿದೆ, ಪಟ್ಟವಿಲ್ಲದೆಯೇ. ಏಳನೆಯವನು, ಕೇಳುವುದಕ್ಕಿಂತ ಮೊದಲೇ ಹೇಳಿಬಿಡುತ್ತೇನೆ, ನೈಜೀರಿಯಾದ ಡಿಕ್ ಟೈಗರ್. 1963ರಲ್ಲಿ ಫುಲ್ಮರ್‌ನನ್ನು ತನ್ನ ದೇಶದ ಇಬಾದಾನ್‌ಗೇ ಕರೆಸಿ ಸೋಲಿಸಿದವನು.

ಪ್ರಶ್ನೆ: ತಮ್ಮ ಪಟ್ಟಿಯಲ್ಲಿ ಹೆಣ್ಣುಮಕ್ಕಳೂ ಇಲ್ಲ, ಭಾರತೀಯರೂ ಇಲ್ಲ. ನಮ್ಮವರು ಈ ತೂಕದಲ್ಲಿ ಏನೂ ಸಾಧಿಸಿಲ್ಲವೇ? (ಕಾಲೇಜು ವಿದ್ಯಾರ್ಥಿನಿ, ಕುಂಬಳೆ)

ಉತ್ತರ: ಸಾಧಿಸಿದ್ದಾರೆ, ಅದೂ ನಿಮ್ಮ ಮನೆಯಿಂದ ರೈಲಿನಲ್ಲಿ ಎರಡು ಗಂಟೆಯ ದಾರಿಯಲ್ಲಿ. ಕಣ್ಣೂರಿನ ಕೆ.ಸಿ. ಲೇಖಾ ಅವರು 2006ರಲ್ಲಿ ದೆಹಲಿಯಲ್ಲಿ ನಡೆದ ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 75 ಕಿಲೋ ವಿಭಾಗದ ಚಿನ್ನ ಗೆದ್ದರು. ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ದೊರೆತದ್ದು 2021ರಲ್ಲಿ, ಹದಿನೈದು ವರ್ಷಗಳ ಬಳಿಕ. ಅಸ್ಸಾಮಿನ ಲವ್ಲೀನಾ ಬೊರ್ಗೊಹೈನ್ 2023ರಲ್ಲಿ ಅದೇ ತೂಕದಲ್ಲಿ ವಿಶ್ವ ಚಾಂಪಿಯನ್ ಆದರು. ಪುರುಷರಲ್ಲಿ ವಿಜೇಂದರ್ ಸಿಂಗ್ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು, ಬಾಕ್ಸಿಂಗಿನಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ ಪದಕ ತಂದರು.

ಇವರನ್ನು ನನ್ನ ಪಟ್ಟಿಯೊಂದಿಗೆ ಬೆರೆಸದಿರಲು ಕಾರಣವಿದೆ. ಇವರ ಪದಕಗಳು ಅಮೆಚೂರ್ (ಹವ್ಯಾಸಿ) ಬಾಕ್ಸಿಂಗಿನವು. ಅಲ್ಲಿ ತೂಕದ ಮಿತಿ 75 ಕಿಲೋ, ಸುತ್ತುಗಳು ಮೂರು ನಾಲ್ಕು, ಕೆಲವೇ ದಿನಗಳಲ್ಲಿ ಸಾಲಾಗಿ ಪಂದ್ಯಗಳು. ಆ ಆಟಕ್ಕೆ ಬೇಕಾದ ವೇಗವೇ ಬೇರೆ, ಲೆಕ್ಕಾಚಾರವೇ ಬೇರೆ. ಎರಡೂ ಕಡೆ ಮಿಡ್ಲ್‌ವೇಟ್‌ನ ತುದಿ ತಲುಪಿದವರೆಂದರೆ ಅಮೆರಿಕದ ಕ್ಲಾರೆಸ್ಸಾ ಶೀಲ್ಡ್ಸ್: 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ, 2019ರಲ್ಲಿ ನಾಲ್ಕೂ ಸಂಸ್ಥೆಗಳ ವೃತ್ತಿಪರ ಮಿಡ್ಲ್‌ವೇಟ್ ಪಟ್ಟ. ಮಹಿಳೆಯರ ಮಿಡ್ಲ್‌ವೇಟ್‌ನಲ್ಲಿ ಮೊದಲ ಸ್ಥಾನ ಯಾರಿಗೆಂದು ಚರ್ಚಿಸುವ ಅಗತ್ಯವೇ ಇಲ್ಲದಂತೆ ಅವರು ಮಾಡಿದ್ದಾರೆ.

ಪ್ರಶ್ನೆ: ಎಲ್ಲದಕ್ಕೂ ಕಾರಣನಾದವನು ನಾನೇ. ಬಾಕ್ಸಿಂಗ್ ನೋಡಿ ಅಭ್ಯಾಸವಿಲ್ಲದ ನನ್ನಂಥವನು ಮೊಬೈಲಿನಲ್ಲಿ ಎರಡು ಮೂರು ಪಂದ್ಯ ನೋಡಿ ತೀರ್ಮಾನಕ್ಕೆ ಬರಬೇಕಾದರೆ ಯಾವುದನ್ನು ನೋಡಲಿ? (ಮಂಜೇಶ್ವರ)

ಉತ್ತರ: ಹ್ಯಾಗ್ಲರ್–ಹರ್ನ್ಸ್‌ನಿಂದ ತೊಡಗಬೇಡಿ, ಅದನ್ನು ನೋಡಿದ ಮೇಲೆ ಬೇರೆಲ್ಲವೂ ಸಪ್ಪೆಯೆನಿಸುತ್ತದೆ. ಮೊದಲು 1957ರ ಮೇ 1ರ ರಾಬಿನ್ಸನ್–ಫುಲ್ಮರ್ ಎರಡನೆಯ ಪಂದ್ಯದ 5ನೆಯ ಸುತ್ತನ್ನು ನೋಡಿ. ಅಲ್ಲಿಯವರೆಗೆ ಯಾರಿಂದಲೂ ನಾಕೌಟ್ ಆಗಿರದ, ಬಂಡೆಯಂಥ ದವಡೆಯ ಫುಲ್ಮರ್ ಮುನ್ನುಗ್ಗುತ್ತಾನೆ. ರಾಬಿನ್ಸನ್‌ನ ಎಡ ಹುಕ್ (ತೋಳು ಬಾಗಿಸಿ ಬದಿಯಿಂದ ಹೊಡೆಯುವ ಏಟು) ಎಲ್ಲಿಂದ ಹೊರಟಿತೆಂದು ತಿಳಿಯಲು ನಿಧಾನಗತಿಯಲ್ಲಿ ಮತ್ತೊಮ್ಮೆ ನೋಡಬೇಕಾಗುತ್ತದೆ. ಅನಂತರ ಹಾಪ್ಕಿನ್ಸ್–ಟ್ರಿನಿಡಾಡ್ ಪಂದ್ಯವನ್ನು ಪೂರ್ತಿಯಾಗಿ, ಟ್ರಿನಿಡಾಡ್‌ನ ಎಡಗೈ ಮೇಲೆ ಕಣ್ಣಿಟ್ಟು ನೋಡಿ; ಆ ಕೈಗೆ ಹಾಪ್ಕಿನ್ಸ್ ಹೇಗೆ ಕೆಲಸವಿಲ್ಲದಂತೆ ಮಾಡಿದನೆಂಬುದು ಎಂಟನೆಯ ಸುತ್ತಿನ ಹೊತ್ತಿಗೆ ತಾನಾಗಿ ಸ್ಪಷ್ಟವಾಗುತ್ತದೆ. ಕೊನೆಯಲ್ಲಿ ಹ್ಯಾಗ್ಲರ್–ಲೆನರ್ಡ್. ಧ್ವನಿ ಆರಿಸಿ, ವೀಕ್ಷಕ ವಿವರಣೆಯ ಪ್ರಭಾವಕ್ಕೆ ಒಳಗಾಗದೆ, ಕಾಗದದಲ್ಲಿ ಸುತ್ತು ಗೆದ್ದವನಿಗೆ 10, ಸೋತವನಿಗೆ 9 ಎಂದು ಬರೆಯುತ್ತ ಹೋಗಿ. ಆ ಕಾಗದವನ್ನು ನಮಗೆ ಕಳುಹಿಸಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಉಪ್ಪಳದವರ ಲೆಕ್ಕದೊಂದಿಗೆ ಪ್ರಕಟಿಸುತ್ತೇವೆ.